ಹೊರಮುಖ ನಿಂತವನೂ ನಮ್ಮವನೇ



ಅಮೆರಿಕದಲ್ಲಿ ‘ಸ್ಕ್ವೇರ್ ಡ್ಯಾನ್ಸ್’ ಎಂಬ ಕುಣಿತವಿದೆ. ನಾಲ್ಕು ಜೋಡಿಗಳು, ಅಂದರೆ ಎಂಟು ಮಂದಿ, ಚೌಕದ ನಾಲ್ಕು ಬದಿಗಳಲ್ಲಿ ನಿಂತು ಅದನ್ನು ಆರಂಭಿಸುತ್ತಾರೆ. ‘ಕಾಲರ್’ ಎಂಬವರು ಸಂಗೀತದ ಜೊತೆ ಒಂದೊಂದೇ ಕರೆ ಕೊಡುತ್ತಾರೆ. ಮುಂದಿನ ಕರೆ ಯಾವುದೆಂದು ಕುಣಿಯುವವರಿಗೆ ಗೊತ್ತಿರುವುದಿಲ್ಲ. ಕಿವಿಗೆ ಬಿದ್ದ ಕೂಡಲೇ ಎಂಟೂ ಮಂದಿ ಚಲಿಸಬೇಕು. ಕೊಲೊರಾಡೊ ಸ್ಪ್ರಿಂಗ್ಸ್‌ನ ಶಾಲೆಯೊಂದರ ಮುಖ್ಯಸ್ಥರಾಗಿದ್ದ ಲಾಯ್ಡ್ ಶಾ 1939ರಲ್ಲಿ ಇದರ ಬಗ್ಗೆ ಪುಸ್ತಕ ಪ್ರಕಟಿಸಿ, ಈ ಕುಣಿತಕ್ಕೆ ಹೊಸ ಜೀವ ತುಂಬಿದರು. ಇಂದು ಜಪಾನ್, ಜರ್ಮನಿಗಳಲ್ಲೂ ಇದನ್ನು ಕುಣಿಯುತ್ತಾರೆ. ಕರೆಗಳು ಮಾತ್ರ ಅಲ್ಲಿಯೂ ಇಂಗ್ಲಿಷಿನಲ್ಲೇ.

ಕರೆಗಳಲ್ಲಿ ಶ್ರೇಣಿಗಳಿವೆ. ‘ಅಡ್ವಾನ್ಸ್ಡ್’ ಶ್ರೇಣಿಯ ‘ಏಸಿ ಡ್ಯೂಸಿ’ ಎಂಬ ಕರೆಯನ್ನು ನೀವು ಮನೆಯಲ್ಲೇ ಎಂಟು ಬೆಂಕಿಕಡ್ಡಿಗಳಿಂದ ಕಲಿಯಬಹುದು. ಕಡ್ಡಿಯ ಮದ್ದಿನ ತುದಿಯೇ ಮುಖ ಎಂದಿಟ್ಟುಕೊಳ್ಳಿ.

ಮೇಜಿನ ಮೇಲೆ ನಿಮಗೆ ಹತ್ತಿರ ಒಂದು ಸಾಲು, ಅದರಾಚೆ ಇನ್ನೊಂದು ಸಾಲು, ಸಾಲಿಗೆ ನಾಲ್ಕು ಕಡ್ಡಿಗಳಂತೆ ಇಡಿ. ಎರಡೂ ಸಾಲುಗಳಲ್ಲಿ ಎಡದಿಂದ ಮೊದಲನೆಯ ಮತ್ತು ಮೂರನೆಯ ಕಡ್ಡಿಯ ಮುಖ ಆಚೆಗಿರಲಿ. ಎರಡನೆಯ ಮತ್ತು ನಾಲ್ಕನೆಯದರ ಮುಖ ನಿಮ್ಮ ಕಡೆಗಿರಲಿ. ಕುಣಿಯುವವರು ಹೀಗೆ ನಿಂತು ಅಕ್ಕಪಕ್ಕದವರ ಕೈ ಹಿಡಿದಾಗ ಅದಕ್ಕೆ ‘ವೇವ್’, ಅಂದರೆ ಅಲೆ, ಎನ್ನುತ್ತಾರೆ.

ಕರೆ ಬಂದಾಗ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಪ್ರತಿ ಸಾಲಿನ ನಡುವಿನ ಇಬ್ಬರು ಎಡಗೈ ಹಿಡಿದು ಅರ್ಧ ಸುತ್ತು ತಿರುಗಿ, ಒಬ್ಬರ ಸ್ಥಳಕ್ಕೆ ಇನ್ನೊಬ್ಬರು ಬರುತ್ತಾರೆ. ಅದೇ ಹೊತ್ತಿಗೆ ತುದಿಯ ನಾಲ್ವರು ಹೊರಗಿನಿಂದ ಮುಂದೆ ನಡೆಯುತ್ತಾರೆ. ಇವರಲ್ಲಿ ಒಳಮುಖ ನಿಂತವರು ನೇರವಾಗಿ ಎದುರಿನ ಸಾಲಿನ ತುದಿಗೆ ಹೋಗುತ್ತಾರೆ. ಹೊರಮುಖ ನಿಂತವರು ಬಲಕ್ಕೆ ಬಳಸಿ, ತಮ್ಮದೇ ಸಾಲಿನ ಇನ್ನೊಂದು ತುದಿಗೆ ಬಂದು ಒಳಮುಖವಾಗುತ್ತಾರೆ.

ಈಗ ಮೇಜನ್ನು ನೋಡಿ. ಚಿತ್ರ ಮೊದಲಿನಂತೆಯೇ ಇದೆ, ಆದರೆ ಯಾರೂ ಹಿಂದಿನ ಜಾಗದಲ್ಲಿಲ್ಲ. ಎರಡು ಸಲ ಮಾಡಿದರೆ ನಡುವಿನವರು ಮೂಲಸ್ಥಾನಕ್ಕೆ ಮರಳುತ್ತಾರೆ. ತುದಿಯವರು ಮರಳಲು ನಾಲ್ಕು ಸಲ ಬೇಕು.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಹೊರಮುಖ ನಿಂತವನಿಗೆ ಎದುರಿಗೆ ಯಾರೂ ಕಾಣಿಸುವುದಿಲ್ಲ. ತನ್ನ ಪಾಲು ಮುಗಿಯಿತೆಂದು ಅವನು ನಿಂತುಬಿಡುತ್ತಾನೆ. ಇನ್ನೊಂದು ಕಡೆ, ನಡುವಿನವರು ಬೇಗ ತಿರುಗಿ ಮುಗಿಸಿ, ಖಾಲಿ ಕಂಡ ತುದಿಗೆ ಸರಿದುಬಿಡುತ್ತಾರೆ. ಆಗ ಬಳಸಿ ಬರುವವನಿಗೆ ಜಾಗವೇ ಇರುವುದಿಲ್ಲ. ಅವನನ್ನು ಎಳೆಯುವುದು ಪರಿಹಾರವಲ್ಲ. ಎಳೆಯಲು ಹೋದವರೂ ದಾರಿ ತಪ್ಪುತ್ತಾರೆ. ನಡುವಿನವರು ತಮ್ಮ ಸ್ಥಳದಲ್ಲಿ ಸ್ಥಿರವಾಗಿದ್ದರೆ, ಬರುವವನಿಗೆ ತನ್ನ ತುದಿ ತಾನಾಗಿ ಕಾಣುತ್ತದೆ.

ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ಗಲ್ಫಿನಲ್ಲಿ ದುಡಿಯುವ ಮಗ, ಊರು ಬಿಟ್ಟ ಮಗಳು, ಪೂಜೆಗೆ ಬರುವುದನ್ನೇ ನಿಲ್ಲಿಸಿದ ತಮ್ಮ: ಇವರೆಲ್ಲ ಹೊರಮುಖ ನಿಂತವರು. ಅವರ ದಾರಿ ಉದ್ದ. ಊರಿನಲ್ಲೇ ಇರುವ ನಮ್ಮದು ಗಿಡ್ಡ ದಾರಿ, ಬೇಗ ಮುಗಿಯುತ್ತದೆ. ಆದ್ದರಿಂದಲೇ ‘ಅವನು ಇನ್ನು ಬರುವುದಿಲ್ಲ’ ಎಂದು ಹೇಳಲು ನಮಗೆ ಆತುರ. ಅವನ ಕುರ್ಚಿ ತೆಗೆದಿಡುತ್ತೇವೆ, ಸಂಜೆಯ ಜಪಸರದಲ್ಲಿ ಅವನ ಹೆಸರು ಬಿಡುತ್ತೇವೆ. ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ ಸಭೆಯನ್ನು ದೇಹಕ್ಕೆ ಹೋಲಿಸಿದ್ದಾರೆ. ದೂರದ ಅಂಗವೂ ಅದೇ ದೇಹದ್ದು.

ಇಂದು ರಾತ್ರಿ ಊಟವಾದ ಮೇಲೆ ಮಕ್ಕಳೊಂದಿಗೆ ಎಂಟು ಕಡ್ಡಿಗಳನ್ನು ಜೋಡಿಸಿ ಆಡಿ ನೋಡಿ. ಹೊರಮುಖವಾಗಿರುವ ಕಡ್ಡಿ ನಿಮ್ಮ ಮನೆಯಲ್ಲಿ ಯಾರೆಂದು ಮಕ್ಕಳೇ ಹೇಳಿಯಾರು. ಹೇಳಿದರೆ, ಮಲಗುವ ಮೊದಲು ಅವರಿಗೊಂದು ಫೋನ್ ಮಾಡಿ.