ಕಿರುದೋಣಿಯ ವಿಹಾರ

ಮಂಜೇಶ್ವರ, ಉಪ್ಪಳ, ಶಿರಿಯಾ, ಮೊಗ್ರಾಲ್, ಚಂದ್ರಗಿರಿ ಎಂದು ನಮ್ಮ ಸೀಮೆಯ ಹೊಳೆಗಳ ಹೆಸರನ್ನು ನಮ್ಮ ಶಾಲೆಯ ಮಕ್ಕಳು ಒಂದೇ ಉಸಿರಿನಲ್ಲಿ ಹೇಳಬಲ್ಲರು. ಆದರೆ ಅವುಗಳಲ್ಲಿ ಒಂದರ ನೀರಿನ ಮೇಲಾದರೂ ಒಂದು ಗಳಿಗೆ ದೋಣಿಯಲ್ಲಿ ಕುಳಿತವರು ಯಾರೆಂದು ಕೇಳಿದರೆ ಮೇಲೇಳುವ ಕೈಗಳು ಬೆರಳೆಣಿಕೆಯಷ್ಟು. ಅವರ ಅಜ್ಜಂದಿರ ಕಾಲದಲ್ಲಿ ಹೀಗಿರಲಿಲ್ಲ. ಕಡವು ದಾಟದೆ ಸಂತೆಗಾಗಲಿ ಮದುವೆಯ ದಿಬ್ಬಣಕ್ಕಾಗಲಿ ಹಾದಿಯೇ ಇರಲಿಲ್ಲ. ಸೇತುವೆಗಳು ಬಂದವು, ಬಂದುದು ಒಳ್ಳೆಯದೇ ಆಯಿತು. ಆದರೆ ಸೇತುವೆಯ ಮೇಲೆ ಬಸ್ಸಿನಲ್ಲಿ ಹಾಯುವವನಿಗೆ ಹೊಳೆಯ ಸ್ವಭಾವ ತಿಳಿಯದು. ಈಜು ಬಾರದ, ಭರತ ಇಳಿತಗಳ ಅರಿವಿಲ್ಲದ ಒಂದು ತಲೆಮಾರು ಹೊಳೆಯ ಮಗ್ಗುಲಲ್ಲಿಯೇ ಬೆಳೆದುಬಂದಿದೆ.

ಕೆಲವು ವರ್ಷಗಳಿಂದ ನಾವು ನಾಲ್ಕಾರು ಮಂದಿ ಮಿತ್ರರು, ಎಲ್ಲರೂ ನಲವತ್ತು ದಾಟಿದವರು, ರಜಾದಿನಗಳಲ್ಲಿ ಕಿರುದೋಣಿಯ ವಿಹಾರವನ್ನು ಹವ್ಯಾಸವಾಗಿ ಕೈಗೊಂಡಿದ್ದೇವೆ. ಇದನ್ನು ಕಂಡು ನಕ್ಕವರೂ ಉಂಟು, ವಿಚಾರಿಸಿದವರೂ ಉಂಟು. ವಿಚಾರಿಸಿದವರಿಗಾಗಿ ಈ ಬರಹ.

ಇಂಗ್ಲಿಷಿನಲ್ಲಿ ಕಯಾಕ್, ಕೆನೂ ಎಂಬ ಎರಡು ಮಾತುಗಳು ಈ ವಿಹಾರದ ಸಂಬಂಧವಾಗಿ ಕೇಳಿಬರುತ್ತವೆ. ಎರಡೂ ಇಂಗ್ಲಿಷಿಗೆ ಹೊರಗಿನಿಂದ ಬಂದವು. ಕಯಾಕ್ ಎಂಬುದು ಉತ್ತರಧ್ರುವದ ಸುತ್ತಲಿನ ಹಿಮಸೀಮೆಯ ಇನ್ಯುಟ್ ಜನರ ಮಾತು; ಹಳೆಯ ಪಠ್ಯಪುಸ್ತಕಗಳು ಎಸ್ಕಿಮೋ ಎಂದು ಕರೆದುದು ಇವರನ್ನೇ. ಮರವೇ ಬೆಳೆಯದ ಆ ನಾಡಿನಲ್ಲಿ ಕಡಲು ತಂದೊಗೆದ ಕಟ್ಟಿಗೆಯನ್ನೂ ತಿಮಿಂಗಿಲದ ಎಲುಬನ್ನೂ ಜೋಡಿಸಿ, ಮೇಲೆ ಸೀಲ್ ಎಂಬ ಪ್ರಾಣಿಯ ತೊಗಲನ್ನು ಹೊಲಿದು ಬಿಗಿದು, ಬೇಟೆಗಾರನು ತನ್ನ ಸೊಂಟಕ್ಕೆ ಸರಿಹೋಗುವಷ್ಟೇ ಬಾಯಿಯನ್ನು ಬಿಟ್ಟು ಈ ದೋಣಿಯನ್ನು ಮಾಡಿಕೊಳ್ಳುತ್ತಿದ್ದನು. ಅದರಲ್ಲಿ ಕಾಲು ಚಾಚಿ ಕುಳಿತು, ಎರಡು ತುದಿಗಳಲ್ಲಿಯೂ ಅಲಗುಳ್ಳ ಒಂದೇ ಹುಟ್ಟನ್ನು ಎಡಕ್ಕೂ ಬಲಕ್ಕೂ ಹಾಕುತ್ತ ಸಾಗುವುದು ವಾಡಿಕೆ. ಕೆನೂ ಎಂಬುದು ಕೊಲಂಬಸನು ಕಂಡ ಕೆರಿಬಿಯನ್ ದ್ವೀಪಗಳ ಜನರ ಮಾತಿನಿಂದ ಬಂದುದು. ಇದರ ಮೈ ತೆರೆದದ್ದು. ಮಂಡಿಯೂರಿಯೋ ಹಲಗೆಯ ಮೇಲೆ ಕುಳಿತೋ ಒಂದೇ ಅಲಗಿನ ಹುಟ್ಟಿನಿಂದ ನಡೆಸತಕ್ಕದ್ದು. ಉತ್ತರ ಅಮೆರಿಕದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಿಂದ ಇದನ್ನು ಎಷ್ಟು ಹಗುರವಾಗಿ ಕಟ್ಟುತ್ತಿದ್ದರೆಂದರೆ, ಜಲಪಾತ ಬಂದೆಡೆ ಹೆಗಲ ಮೇಲೆ ಹೊತ್ತು ನಡೆದುಬಿಡುತ್ತಿದ್ದರು.

ಈ ಎರಡನೆಯದು ನಮಗೆ ಹೊಸತೇನೂ ಅಲ್ಲ. ಹೆಬ್ಬಲಸಿನ ದಿಮ್ಮಿಯನ್ನು ತೋಡಿ ಮಾಡಿದ ನಮ್ಮ ಕರಾವಳಿಯ ಸಣ್ಣ ದೋಣಿ ಕೆನೂವಿನ ಜಾತಿಗೇ ಸೇರಿದ್ದು. 1955ರಲ್ಲಿ ನೆದರ್ಲೆಂಡ್ಸ್ ದೇಶದ ಪೆಸ್ಸೆ ಎಂಬಲ್ಲಿ ರಸ್ತೆಗಾಗಿ ಅಗೆಯುವಾಗ ಸಿಕ್ಕಿದ, ಪೈನ್ ಮರದಿಂದ ತೋಡಿದ ಮೂರು ಮೀಟರು ಉದ್ದದ ದೋಣಿಯೊಂದು ಸುಮಾರು ಹತ್ತು ಸಾವಿರ ವರ್ಷ ಹಳೆಯದೆಂದು ವಿದ್ವಾಂಸರು ಗಣಿಸಿದ್ದಾರೆ. ಅದರ ಚಿತ್ರವನ್ನು ನೋಡಿದರೆ ನಮ್ಮ ಕಡವಿನದೇ ದೋಣಿಯೊಂದು ಹೂಳಿನಿಂದ ಎದ್ದುಬಂದಂತೆ ತೋರುತ್ತದೆ.

ಹೊಟ್ಟೆಪಾಡಿನ ಈ ಸಾಧನವನ್ನು ವಿನೋದದ ಸಾಧನವನ್ನಾಗಿ ಮಾಡಿದ ಕೀರ್ತಿಯಲ್ಲಿ ಹೆಚ್ಚಿನ ಪಾಲು ಜಾನ್ ಮೆಕ್‌ಗ್ರೆಗರ್ ಎಂಬ ಸ್ಕಾಟಿಷ್ ವಕೀಲರಿಗೆ ಸಲ್ಲುತ್ತದೆ. ಸುಮಾರು 15 ಅಡಿ ಉದ್ದದ 'ರಾಬ್ ರಾಯ್' ಎಂಬ ದೋಣಿಯನ್ನು ಕಟ್ಟಿಸಿಕೊಂಡು 1865ರಲ್ಲಿ ಅವರು ಒಬ್ಬರೇ ಯೂರೋಪಿನ ನದಿ ಸರೋವರಗಳಲ್ಲಿ ಸಂಚರಿಸಿದರು; ಮರುವರ್ಷ ಆ ಸಂಚಾರದ ಕಥೆಯನ್ನು ಅಚ್ಚು ಹಾಕಿಸಿದರು. ಹೊರೆಗಾಡಿಯ ಮೇಲೆ, ರೈಲಿನಲ್ಲಿ ದೋಣಿಯನ್ನು ಸಾಗಿಸಿಕೊಂಡು ಹೋಗುವ ಈ ಮನುಷ್ಯನನ್ನು ನೋಡಲು ಊರೂರಿನಲ್ಲಿ ಜನ ನೆರೆಯುತ್ತಿದ್ದರಂತೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಇದು ಪೂರ್ಣ ಸ್ಪರ್ಧೆಯಾಗಿ ಸೇರ್ಪಡೆಯಾಯಿತು. ಹಾನೆಸ್ ಲಿಂಡೆಮಾನ್ ಎಂಬ ಜರ್ಮನ್ ವೈದ್ಯರು 1956ರಲ್ಲಿ ಮಡಚಬಹುದಾದ ಕಯಾಕಿಗೆ ಸಣ್ಣ ಹಾಯಿ ಕಟ್ಟಿಕೊಂಡು 72 ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನೇ ದಾಟಿದರು. ನಾವು ಅಷ್ಟು ದೂರ ಹೋಗಬೇಕಾದ್ದಿಲ್ಲ.

ಈಗ ಹೆಚ್ಚಾಗಿ ಕಾಣಸಿಗುವ ಕಯಾಕುಗಳು ಪಾಲಿಥೀನಿನಿಂದ ಅಚ್ಚೊತ್ತಿದವು. ಕಲ್ಲಿಗೆ ತಾಗಿದರೂ ಸುಲಭವಾಗಿ ಒಡೆಯವು. ಆಯ್ಕೆ ಮಾಡುವವನು ಒಂದು ಸಂಗತಿಯನ್ನು ತಿಳಿದಿರಬೇಕು. ಉದ್ದವಾದ, ಕಿರಿದಾದ ದೋಣಿ ನೇರವಾಗಿಯೂ ವೇಗವಾಗಿಯೂ ಓಡುತ್ತದೆ, ಆದರೆ ತಿರುಗಲು ಒಲ್ಲದು. ಗಿಡ್ಡನೆಯ ದೋಣಿ ಹೇಳಿದಂತೆ ತಿರುಗುತ್ತದೆ, ಆದರೆ ನೇರ ಹೋಗಲು ಒಲ್ಲದು. ಅಗಲವಾದಷ್ಟೂ ಹೊಸಬನಿಗೆ ಧೈರ್ಯ. ಹಿನ್ನೀರಿನ ವಿಹಾರಕ್ಕೆ ಹತ್ತು ಹನ್ನೆರಡು ಅಡಿಯ, ಮೇಲೆಯೇ ಕುಳಿತುಕೊಳ್ಳುವ ಬಗೆಯ ದೋಣಿ ನಮಗೆ ಹಿತವೆನಿಸಿದೆ. ಮಗುಚಿದರೆ ಅದರೊಳಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಪುನಃ ಕವುಚಿ, ಹೊಟ್ಟೆಯ ಮೇಲೆ ಅಡ್ಡಲಾಗಿ ಏರಿ, ಹೊರಳಿ ಕುಳಿತುಕೊಳ್ಳಬಹುದು. ಈ ಏರುವಿಕೆಯನ್ನು ಎದೆಮಟ್ಟದ ನೀರಿನಲ್ಲಿ ಹತ್ತು ಸಲ ಮಾಡಿ ಕಲಿಯದೆ ಆಳಕ್ಕೆ ಹೋಗಲಾಗದು. ನಮ್ಮಲ್ಲಿ ಸ್ಥೂಲಕಾಯರಾದ ಒಬ್ಬ ಮಿತ್ರರು ಇದಕ್ಕೆ ಎರಡು ಭಾನುವಾರಗಳನ್ನು ವೆಚ್ಚ ಮಾಡಿದರು. ದಡದಲ್ಲಿದ್ದ ಹುಡುಗರಿಗೆ ಅದೊಂದು ಬಯಲಾಟವೇ ಆಗಿತ್ತು.

ಹುಟ್ಟು ಹಾಕುವುದು ತೋಳಿನ ಕೆಲಸವೆಂದು ಹೊಸಬರು ತಿಳಿಯುತ್ತಾರೆ. ಅರ್ಧ ಗಂಟೆಯೊಳಗೆ ತೋಳು ಸೋತು ಹಿಂತಿರುಗುತ್ತಾರೆ. ನಿಜವಾಗಿ ಅದು ಸೊಂಟದ ಮೇಲಿನ ಇಡೀ ಮೈಯ ಕೆಲಸ. ಪಾದದ ಬಳಿ ಅಲಗನ್ನು ಪೂರ್ತಿ ಮುಳುಗಿಸಿ, ಬೆನ್ನನ್ನು ನೆಟ್ಟಗಿಟ್ಟು ಮೈಯನ್ನು ತಿರುಚುತ್ತ ಸೊಂಟದ ತನಕ ಎಳೆದು, ಅಲ್ಲಿಯೇ ನೀರಿನಿಂದ ಹೊರತೆಗೆಯಬೇಕು. ದೋಣಿಯನ್ನು ತಿರುಗಿಸಲು ಅದೇ ಅಲಗನ್ನು ಮುಂತುದಿಯಿಂದ ಹಿಂತುದಿಯವರೆಗೆ ಕಮಾನಿನಾಕಾರದಲ್ಲಿ ದೂರದಿಂದ ಬಳಸಿ ತರಬೇಕು. ಬಲಕ್ಕೆ ಬಳಸಿದರೆ ಮೂತಿ ಎಡಕ್ಕೆ ಹೊರಳುತ್ತದೆ. ಒಂದೇ ಅಲಗಿನ ಹುಟ್ಟಿನವನ ಪಾಡು ಇನ್ನೂ ಸ್ವಾರಸ್ಯದ್ದು. ಒಂದೇ ಪಕ್ಕದಲ್ಲಿ ಹಾಕುತ್ತ ಹೋದರೆ ದೋಣಿ ಸುತ್ತು ಹೊಡೆಯಬೇಕಷ್ಟೆ? ಹಾಗಾಗದಂತೆ ಪ್ರತಿಸಲವೂ ಎಳೆತದ ಕೊನೆಯಲ್ಲಿ ಅಲಗನ್ನು ಕೊಂಚ ಹೊರಮುಖವಾಗಿ ತಿರುಚಿ ನೀರನ್ನು ಆಚೆಗೆ ತಳ್ಳಬೇಕು. ಇಂಗ್ಲಿಷ್ ಪುಸ್ತಕಗಳು 'ಜೆ' ಅಕ್ಷರದ ಹೆಸರಿನಿಂದ ಇದನ್ನು ವಿಸ್ತಾರವಾಗಿ ಬೋಧಿಸುತ್ತವೆ. ನಾವು ಪುಸ್ತಕ ಓದಿ ಕಲಿಯಲಾರದೆ ಹೋದುದನ್ನು ಹಳೆಯ ಕಡವಿನ ಅಂಬಿಗರೊಬ್ಬರು ಬೀಡಿ ಸೇದುತ್ತ ಒಂದು ಸಂಜೆ ತೋರಿಸಿಕೊಟ್ಟರು. ಅದಕ್ಕೊಂದು ಹೆಸರಿದೆಯೆಂದು ತಿಳಿದು ಅವರಿಗೆ ಆಶ್ಚರ್ಯವಾಯಿತು.

ಅವರದೇ ಇನ್ನೊಂದು ಮಾತನ್ನು ನಾವು ಕೇಳದೆ ಹೋದ ಸಂಗತಿಯನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ.

ಚಂದ್ರಗಿರಿ ಹೊಳೆ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಪಯಸ್ವಿನಿಯೆಂಬ ಹೆಸರಿನಿಂದ ಸುಳ್ಯದ ಮಾರ್ಗವಾಗಿ ಇಳಿದು, ಕಾಸರಗೋಡಿನ ತೆಂಕಣ ಮಗ್ಗುಲಲ್ಲಿ ಕಡಲು ಸೇರುತ್ತದೆ. ಕೊನೆಯ ಕೆಲವು ಮೈಲಿಗಳಲ್ಲಿ ಹೊಳೆ ಕಡಲಿನ ಮಾತನ್ನು ಕೇಳುತ್ತದೆ. ಭರತದಲ್ಲಿ ನೀರು ಒಳಕ್ಕೆ ಏರುತ್ತದೆ, ಇಳಿತದಲ್ಲಿ ಹೊರಕ್ಕೆ ಓಡುತ್ತದೆ. ಒಂದು ಭರತಕ್ಕೂ ಮುಂದಿನದಕ್ಕೂ ಸುಮಾರು ಹನ್ನೆರಡೂವರೆ ಗಂಟೆಯ ಅಂತರ. ಆದುದರಿಂದ ಇಂದಿನ ಹೊತ್ತು ನಾಳೆಗೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಸೆಳವು ಅತ್ಯಂತ ಬಲವಾಗಿರುತ್ತದೆ.

ಅದೊಂದು ಫೆಬ್ರುವರಿ ತಿಂಗಳ ಮಧ್ಯಾಹ್ನ, ಹುಣ್ಣಿಮೆಯ ಮರುದಿನ. ದೋಣಿಗಳನ್ನು ನೀರಿಗಿಳಿಸುತ್ತಿದ್ದ ನಮ್ಮನ್ನು ನೋಡಿ ಅಂಬಿಗರು, "ಮಾಷ್ಟ್ರೇ, ಇಳಿತ ಶುರುವಾಯಿತು, ಪಡುಗಾಳಿಯೂ ಎದ್ದಿದೆ. ಮೇಲಕ್ಕೆ ಹೋಗಿ, ಅಳಿವೆಯ ಕಡೆಗೆ ಬೇಡ" ಎಂದರು. ಕೋಟೆಯನ್ನು ನೀರಿನಿಂದ ನೋಡುವ ಉತ್ಸಾಹದಲ್ಲಿ ನಾವು ಕೆಳಮುಖವಾಗಿಯೇ ಹೊರಟೆವು. ಸೆಳವು ಅನುಕೂಲವಾಗಿದ್ದುದರಿಂದ ನಮ್ಮ ಕೈಚಳಕವೇ ಹೆಚ್ಚಿತೆಂಬ ಭ್ರಮೆ ಬೇರೆ! ಅಳಿವೆಯ ಸಮೀಪದಲ್ಲಿ ಹೊರಗೋಡುವ ನೀರಿಗೆ ಎದುರುಗಾಳಿ ಬಡಿದು ಅಲೆಗಳು ಗಿಡ್ಡಗಿಡ್ಡಾಗಿ, ಕಡಿದಾಗಿ ಎದ್ದಿದ್ದವು. ಹಿಂತಿರುಗಲೆಂದು ದೋಣಿಯನ್ನು ಅಡ್ಡ ಮಾಡಿದ ಕ್ಷಣವೇ ಇಬ್ಬರು ಮಗುಚಿದೆವು. ಒಬ್ಬರು ತೊಟ್ಟಿದ್ದ ತೇಲುವ ಜಾಕೀಟು ಅವರನ್ನು ಎತ್ತಿಹಿಡಿಯಿತು. ಇನ್ನೊಬ್ಬರು, ಅಂದರೆ ಈ ಲೇಖನವನ್ನು ಬರೆಯುತ್ತಿರುವ ನಾವೇ, ಸೆಕೆಯೆಂದು ಜಾಕೀಟನ್ನು ಕಳಚಿ ದೋಣಿಗೆ ಕಟ್ಟಿದ್ದೆವು. ಕಟ್ಟಿದ ಜಾಕೀಟನ್ನು ನೀರಿನಲ್ಲಿ ಬಿಚ್ಚಿ ತೊಡುವುದು ಆಗದ ಮಾತು. ದಡ ಇನ್ನೂರು ಗಜವೂ ಇರಲಿಲ್ಲ. ಈಜಿಬಿಡೋಣವೆಂದು ಮನಸ್ಸು ಹೇಳಿತು. ಹಾಗೆ ಮಾಡದೆ, ಮಗುಚಿದ ದೋಣಿಯನ್ನೇ ತಬ್ಬಿ ಹಿಡಿದುದರಿಂದ ಉಳಿದೆವು. ಬಲೆ ಎಳೆದುಕೊಂಡು ಬರುತ್ತಿದ್ದ ಬೆಸ್ತರು ಇಪ್ಪತ್ತು ನಿಮಿಷಗಳ ಮೇಲೆ ನಮ್ಮನ್ನು ಎತ್ತಿಕೊಂಡರು. ಅಷ್ಟರಲ್ಲಿ ಹೊಳೆ ನಮ್ಮನ್ನು ಕಡಲಿನ ಬಾಗಿಲಿಗೆ ತಂದು ನಿಲ್ಲಿಸಿತ್ತು.

ಅಂದಿನಿಂದ ನಮ್ಮ ಕೂಟದಲ್ಲಿ ಜಾಕೀಟಿನ ಗುಂಡಿ ಹಾಕದೆ ಯಾರೂ ದಡ ಬಿಡುವಂತಿಲ್ಲ. ಹೋಗುವಾಗ ಸೆಳವಿಗೆ ಎದುರಾಗಿ ಹೊರಡುತ್ತೇವೆ. ದಣಿದು ಬರುವಾಗ ನೀರೇ ಮನೆಗೆ ತರುತ್ತದೆ. ಒಬ್ಬರೇ ಹೋಗುವುದಿಲ್ಲ. ಜೂನಿನಿಂದ ಸೆಪ್ಟೆಂಬರದವರೆಗೆ ದೋಣಿಗಳು ಅಟ್ಟದಲ್ಲಿರುತ್ತವೆ. ಕೋಜಿಕೋಡು ಜಿಲ್ಲೆಯ ಕೋಡಂಚೇರಿ ಕಡೆಯಲ್ಲಿ 2013ರಿಂದ ಮಳೆಗಾಲದಲ್ಲಿಯೇ, ಬಂಡೆಗಳ ನಡುವೆ ನೊರೆಗರೆಯುವ ಹೊಳೆಗಳಲ್ಲಿ ಕಯಾಕ್ ಪಂದ್ಯಗಳು ಏರ್ಪಡುತ್ತಿವೆಯಲ್ಲಾ ಎಂದು ಹುಡುಗರು ವಾದಿಸುವುದುಂಟು. ಅಲ್ಲಿಗೆ ಬರುವವರು ತಲೆಗೆ ಶಿರಸ್ತ್ರಾಣ ಧರಿಸಿ, ಮಗುಚಿದ ದೋಣಿಯನ್ನು ಕುಳಿತಲ್ಲಿಂದಲೇ ಹುಟ್ಟಿನ ಬಲದಿಂದ ಉರುಳಿಸಿ ಎಬ್ಬಿಸಬಲ್ಲ ನಿಪುಣರು. ನೋಡಲು ಹೋಗಬೇಕು, ಅನುಕರಿಸಲು ಅಲ್ಲ.

ಭರತ ತುಂಬಿ ನೀರು ನಿಂತಿರುವ ಬೆಳಗಿನ ಹೊತ್ತಿನಲ್ಲಿ ಕಾಂಡ್ಲಾ ಗಿಡಗಳ ನಡುವಣ ಕಿರುಗಾಲುವೆಗಳಲ್ಲಿ ಹುಟ್ಟನ್ನು ಎತ್ತಿಟ್ಟು ಸುಮ್ಮನೆ ಕುಳಿತರೆ, ಮಿಂಚುಳ್ಳಿ ಎರಡು ಮಾರು ದೂರದ ಬೇರಿನ ಮೇಲೆ ಬಂದು ಕುಳಿತುಕೊಳ್ಳುತ್ತದೆ. ಯಂತ್ರದ ದೋಣಿಗಾದರೆ ಅದು ಕಾಣಿಸಿಕೊಳ್ಳುವುದೇ ಇಲ್ಲ. ಈ ವರ್ಷ ದಸರಾ ರಜೆಯ ಬಳಿಕ, ಹೊಳೆ ತಿಳಿಯಾದ ಮೇಲೆ, ಈಜು ಬಲ್ಲ ಹಿರಿಯ ತರಗತಿಯ ಮಕ್ಕಳನ್ನು ಹೆತ್ತವರ ಒಪ್ಪಿಗೆಯೊಂದಿಗೆ ಇಬ್ಬಿಬ್ಬರಂತೆ ಕರೆದೊಯ್ಯಬೇಕೆಂದಿದ್ದೇವೆ. ಈಜು ಬಾರದವರಿಗೆ ಅದಕ್ಕೂ ಮೊದಲು ಕೆರೆಯಲ್ಲಿ ಪಾಠ. ಅಂಬಿಗರು ದಡದಲ್ಲಿ ನಿಂತಿರಲು ಒಪ್ಪಿದ್ದಾರೆ. ಯಾವ ದಿನ ಯಾವ ಕಡೆಗೆ ಹೋಗಬೇಕೆಂಬುದನ್ನು ಅವರೇ ಹೇಳತಕ್ಕದ್ದೆಂದು ಒಡಂಬಡಿಕೆಯಾಗಿದೆ.