ಮರ ಕೊಯ್ಯುವ ಯಂತ್ರ: ಕಾರ್ಬುರೇಟರಿನ ತಿರುಪು ಮುಟ್ಟುವ ಮುನ್ನ

ನಾಗಮಂಗಲ, ಕೆ.ಆರ್.ಪೇಟೆಗಳ ಒಣಗಿದ ತೆಂಗಿಗಾಗಲಿ, ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆ ಬದುವಿನಲ್ಲಿ ಉರುಳಿದ ಮರಕ್ಕಾಗಲಿ ಈಗ ಪೆಟ್ರೋಲ್ ಗರಗಸವೇ ಬೇಕು. ಯಂತ್ರ ಎಳೆಯದಿದ್ದರೆ ರೈತರು ಕೂಡಲೇ ಕಾರ್ಬುರೇಟರಿಗೆ ಕೈ ಹಾಕುತ್ತಾರೆ. ದೋಷ ಅನೇಕ ವೇಳೆ ಅಲ್ಲಿರುವುದಿಲ್ಲ. ಮರದ ಪುಡಿ ಕಟ್ಟಿದ ಏರ್ ಫಿಲ್ಟರ್, ಟ್ಯಾಂಕಿನೊಳಗಿನ ಫಿಲ್ಟರ್, ಮಸಿ ಹಿಡಿದ ಪ್ಲಗ್ಗುಗಳನ್ನು ಮೊದಲು ನೋಡಬೇಕು. ಹಳೆಯ ಪೆಟ್ರೋಲನ್ನು ತೆಗೆದು ಹೊಸದಾಗಿ ಬೆರೆಸಿ. ಕೈಪಿಡಿಯಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಟು-ಸ್ಟ್ರೋಕ್ ಎಣ್ಣೆ. ಈಗಿನ ಪೆಟ್ರೋಲಿನ ಎಥನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಕಾರ್ಬುರೇಟರಿನ ಪೊರೆ ಗಡುಸಾಗುತ್ತದೆ. (ಎಥನಾಲ್ ಕಬ್ಬಿನಿಂದಲೂ ಬರುತ್ತದೆ, ಅದು ಬೇರೆ ಮಾತು!)

ಅನಂತರ ಎಲ್, ಎಚ್ ತಿರುಪುಗಳನ್ನು ತಳ ಮುಟ್ಟುವವರೆಗೆ ಮೆಲ್ಲಗೆ ಬಿಗಿದು, ಕೈಪಿಡಿ ಹೇಳಿದಷ್ಟು, ಅನೇಕ ಯಂತ್ರಗಳಲ್ಲಿ ಒಂದು ಸುತ್ತು, ಸಡಿಲಿಸಿ. ಯಂತ್ರ ಬಿಸಿಯಾಗಲಿ. ವೇಗ ಕೊಟ್ಟಾಗ ತಡವರಿಸಿದರೆ ಎಲ್ ತಿರುಪನ್ನು ಅರೆಕಾಲು ಸುತ್ತು ಸಡಿಲಿಸಿ. ವೇಗ ಕೊಡದಿದ್ದಾಗಲೂ ಸರಪಳಿ ತಿರುಗುತ್ತಿದ್ದರೆ ಕಾಲಿಗೆ ಅಪಾಯ. ಮೂರನೆಯ ತಿರುಪನ್ನು ಎಡಕ್ಕೆ ತಿರುಗಿಸಿ ನಿಲ್ಲಿಸಬೇಕು.

ಎಚ್ ತಿರುಪಿನಲ್ಲಿ ಆಸೆ ಬೇಡ. ಬಿಗಿದಷ್ಟೂ ಯಂತ್ರ ಜೋರಾಗಿ ಕೂಗುತ್ತದೆ, ಶಕ್ತಿ ಹೆಚ್ಚಿದಂತೆ ತೋರುತ್ತದೆ. ಆದರೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಅದು ಕಡಿಮೆಯಾದರೆ ಪಿಸ್ಟನ್ ಒಣಗಿ ಕಚ್ಚಿಕೊಳ್ಳುತ್ತದೆ. ಬರಿದೆ ಪೂರ್ಣ ವೇಗದಲ್ಲಿ ತುಸು ತೊದಲಿ, ಮರಕ್ಕೆ ಹಚ್ಚಿದೊಡನೆ ಸದ್ದು ತಿಳಿಯಾದರೆ ಅಲ್ಲಿಗೇ ಬಿಡಿ.