ನಿಮಗಿದು ಗೊತ್ತೇ? ನಮ್ಮ ಉಂಗುರಕ್ಕೆ ನಮ್ಮದೇ ಸುತ್ತಿಗೆ

ಮದುವೆ ಉಂಗುರಕ್ಕಾಗಿ ಅಂಗಡಿ ಅಲೆಯುವ ಬದಲು ಅಕ್ಕಸಾಲಿಗರ ಕೆಲಸದ ಮೇಜಿಗೇ ಬಂದು ಕೂರುವ ಜೋಡಿಗಳಿದ್ದಾರೆ. ಲಂಡನ್ನಿನ ಹ್ಯಾಟನ್ ಗಾರ್ಡನ್, ಬರ್ಮಿಂಗ್‌ಹ್ಯಾಮಿನ ಜ್ಯುವೆಲರಿ ಕ್ವಾರ್ಟರ್‌ನಂಥ ಹಳೆಯ ಚಿನ್ನದ ಪೇಟೆಗಳಲ್ಲೂ ಜಪಾನಿನ ನಗರಗಳಲ್ಲೂ ಇದಕ್ಕೆಂದೇ ಕಮ್ಮಟಗಳು ನಡೆಯುತ್ತವೆ. ಅವಳ ಉಂಗುರ ಅವನು, ಅವನದು ಅವಳು ಮಾಡುವುದೂ ಉಂಟು. ಆ ಮೇಜಿನ ಸುತ್ತಲಿನ ಕೆಲವು ಸಂಗತಿಗಳು ಇಲ್ಲಿವೆ.

• ಉಂಗುರ ಮಾಡಲು ಮುಖ್ಯವಾಗಿ ದಾರಿ ಎರಡು. ಲೋಹದ ಪಟ್ಟಿಯನ್ನು ಬಡಿದು, ಬಾಗಿಸಿ, ತುದಿಗಳನ್ನು ಬೆಸೆಯುವುದು ಒಂದು. ಗಟ್ಟಿ ಮೇಣದಲ್ಲಿ ಉಂಗುರ ಕೆತ್ತಿಕೊಟ್ಟು ಎರಕ ಹೊಯ್ಯಿಸುವುದು ಇನ್ನೊಂದು. ಮೊದಲನೆಯದು ಒಂದೇ ದಿನದಲ್ಲಿ ಮುಗಿಯಬಹುದು. ಎರಡನೆಯದರಲ್ಲಿ ಕೆತ್ತನೆ ಜೋಡಿಯದು, ಎರಕ ಅಕ್ಕಸಾಲಿಗನದು. ಕೈಗೆ ಸಿಗಲು ಕಾಯಬೇಕು.

• ಮೇಣದ ಉಂಗುರದ ಸುತ್ತ ಅಚ್ಚು ಕಟ್ಟಿ ಕಾಯಿಸಿದರೆ ಮೇಣ ಕರಗಿ ಹೋಗುತ್ತದೆ. ಉಳಿದ ಟೊಳ್ಳಿಗೆ ಕರಗಿದ ಚಿನ್ನ ಇಳಿಯುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ವಿಗ್ರಹ ಎರಕಕ್ಕೆ ಇದೇ ವಿಧಾನದ ವಿವರವಿದೆ. ಮೇಣದ ತೂಕದ ಹದಿನಾರು ಪಟ್ಟು ಚಿನ್ನ ಬೇಕೆಂಬ ಲೆಕ್ಕವೂ ಅಲ್ಲಿದೆ. ಇಂದಿನ 18 ಕ್ಯಾರೆಟ್ ಚಿನ್ನಕ್ಕೂ ಆ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತದೆ.

• ಒಂದು ಗ್ರಾಂ ಶುದ್ಧ ಚಿನ್ನವನ್ನು ಬಡಿದು ಬಡಿದು ಸುಮಾರು ಒಂದು ಚದರ ಮೀಟರ್ ಹಾಳೆ ಮಾಡಬಹುದು. ಅಷ್ಟು ಮೆತ್ತಗಿರುವುದೇ ಉಂಗುರಕ್ಕೆ ತೊಡಕು. ಅದಕ್ಕೇ ತಾಮ್ರ, ಬೆಳ್ಳಿ ಬೆರೆಸುತ್ತಾರೆ. 22 ಕ್ಯಾರೆಟ್‌ನಲ್ಲಿ ಶೇ 91.6, 18ರಲ್ಲಿ ಶೇ 75, ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ 9 ಕ್ಯಾರೆಟ್‌ನಲ್ಲಿ ಶೇ 37.5ರಷ್ಟು ಮಾತ್ರ ಚಿನ್ನ.

• ಬೆರಳಿನ ಅಳತೆಯಷ್ಟೇ ಉದ್ದದ ಪಟ್ಟಿ ಕತ್ತರಿಸಿದರೆ ಉಂಗುರ ಬಿಗಿಯಾಗುತ್ತದೆ! ಪಟ್ಟಿಯ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಳವ್ಯಾಸಕ್ಕೆ ದಪ್ಪ ಕೂಡಿಸಿ 3.14ರಿಂದ ಗುಣಿಸಿ. ಒಳವ್ಯಾಸ 17 ಮಿ.ಮೀ., ದಪ್ಪ 2 ಮಿ.ಮೀ. ಇದ್ದರೆ ಸುಮಾರು 60 ಮಿ.ಮೀ. ಪಟ್ಟಿ ಬೇಕು. ದಪ್ಪ ಮರೆತರೆ 6 ಮಿ.ಮೀ. ಖೋತಾ.

• ಬಡಿದಷ್ಟೂ ಚಿನ್ನ ಬಿರುಸಾಗುತ್ತದೆ; ಹಾಗೇ ಮುಂದುವರಿದರೆ ಬಿರುಕು ಬಿಡುತ್ತದೆ. ಆಗ ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಡುಸಾಗುವುದು ಕಮ್ಮಾರರಿಗೆಲ್ಲ ಗೊತ್ತು. ತಾಮ್ರ ಬೆರೆತ 18 ಕ್ಯಾರೆಟ್ ಕೆಂಪು ಚಿನ್ನದ ನಡವಳಿಕೆ ಇದಕ್ಕೆ ತದ್ವಿರುದ್ಧ: ಕೂಡಲೇ ನೀರಿಗೆ ಅದ್ದಿದರೆ ಮೆದು, ತಾನಾಗಿ ಆರಲು ಬಿಟ್ಟರೆ ಪೆಡಸು.

• ಪಟ್ಟಿಯನ್ನು ದುಂಡಗೆ ಬಾಗಿಸುವಾಗ ಕೈಗೆ ಬರುವುದು ಮರದ ಅಥವಾ ಚರ್ಮದ ಕೊಡತಿ. ಅದರ ಏಟಿಗೆ ಪಟ್ಟಿ ಬಾಗುತ್ತದೆ, ತೆಳುವಾಗುವುದಿಲ್ಲ. ಕಬ್ಬಿಣದ ಸುತ್ತಿಗೆ ಬಿದ್ದಲ್ಲೆಲ್ಲ ಗುರುತು ಮೂಡುತ್ತದೆ. ಆ ಗುರುತೇ ಬೇಕೆನ್ನುವವರೂ ಇದ್ದಾರೆ: ಹೊಳಪಿನ ಉಂಗುರಕ್ಕಿಂತ ಸುತ್ತಿಗೆ ಏಟಿನ ಉಂಗುರದಲ್ಲಿ ಮುಂದೆ ಬೀಳುವ ಗೀರುಗಳು ಎದ್ದು ಕಾಣುವುದಿಲ್ಲ.

• ಎರಡು ತುದಿಗಳ ನಡುವೆ ಬೆಳಕು ತೂರಿದರೆ ಬೆಸುಗೆ ನಿಲ್ಲುವುದಿಲ್ಲ. ಕೂಡಿದ ಜಾಗಕ್ಕೆ ಬಿಳಿಗಾರ ಸವರಿ, ಇಡೀ ಉಂಗುರವನ್ನು ಸಮನಾಗಿ ಕಾಯಿಸಿದಾಗ ಬೆಸುಗೆ ಲೋಹ ತಾನೇ ಸಂದಿಗೆ ಹರಿಯುತ್ತದೆ. ಉಂಗುರಕ್ಕಿಂತ ತುಸು ಕಡಿಮೆ ಶಾಖಕ್ಕೆ ಕರಗುವಂತೆ ಅದನ್ನು ಬೆರೆಸಿರುತ್ತಾರೆ. ಸ್ವಲ್ಪ ಉರಿ ಹೆಚ್ಚಾದರೂ ಉಂಗುರವೇ ಕರಗಿ ಮುದ್ದೆಯಾದೀತು. ಅಕ್ಕಸಾಲಿಗ ಪಕ್ಕದಿಂದ ಕದಲದಿರುವುದು ಈ ಗಳಿಗೆಯಲ್ಲಿ.

• ಶುದ್ಧ ಚಿನ್ನ 1,064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಪ್ಲಾಟಿನಂಗೆ 1,768 ಡಿಗ್ರಿ ಬೇಕು. ಅದರ ಹೊಳಪನ್ನು ಬರಿಗಣ್ಣಿನಿಂದ ದಿಟ್ಟಿಸುವಂತಿಲ್ಲ. ಕಪ್ಪು ಕನ್ನಡಕ ಕಡ್ಡಾಯ. ಅಲ್ಲದೆ ಅದೇ ಅಳತೆಯ ಪ್ಲಾಟಿನಂ ಉಂಗುರ 18 ಕ್ಯಾರೆಟ್ ಚಿನ್ನದ ಉಂಗುರಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚು ಭಾರ.

• ಅಜ್ಜಿಯ ಬಳೆ ಕರಗಿಸಿ ಉಂಗುರ ಮಾಡಬಹುದೇ? ಮಾಡಬಹುದು, ಆದರೆ ಹಳೆಯ ಒಡವೆಯಲ್ಲಿ ಹಳೆಯ ಬೆಸುಗೆಯೂ ಇರುತ್ತದೆ. ಅದು ಬೆರೆತರೆ ಬಡಿಯುವಾಗ ಲೋಹ ಸೀಳಬಹುದು. ಹಾಗಾಗಿ ಮೊದಲು ಶುದ್ಧಿ ಮಾಡಿಸಿ ಎನ್ನುವ ಅಕ್ಕಸಾಲಿಗರೇ ಹೆಚ್ಚು.

• ಮೇಜಿನ ಅಂಚಿಗೆ ಜೋತುಬಿಟ್ಟ ಚರ್ಮದ ಜೋಳಿಗೆ ಅಲಂಕಾರಕ್ಕಲ್ಲ. ಅರದಿಂದ ತೀಡಿದಾಗ ಉದುರುವ ಚಿನ್ನದ ಪುಡಿ ಅದರಲ್ಲಿ ಬೀಳುತ್ತದೆ. ಭಾರತದ ಚಿನ್ನದ ಪೇಟೆಗಳಲ್ಲಂತೂ ಅಂಗಡಿ ಮುಂದಿನ ಕಸದ ಧೂಳನ್ನೂ ಜಾಲಿಸಿ ಚಿನ್ನ ತೆಗೆದು ಬದುಕುವವರಿದ್ದಾರೆ.

• ಜಪಾನಿನ ಮೊಕುಮೆ ಗಾನೆ ಕಲೆಯಲ್ಲಿ ಬಣ್ಣ ಬಣ್ಣದ ಲೋಹದ ಪದರಗಳನ್ನು ಬೆಸೆದು, ತಿರುಚಿ, ಕೆತ್ತಿ, ಮರದ ಗೆರೆಗಳಂಥ ವಿನ್ಯಾಸ ತರುತ್ತಾರೆ. ಅಕಿತದ ಶೋಆಮಿ ದೆನ್‌ಬೆ ಎಂಬ ಕುಶಲಿಗ 17ನೇ ಶತಮಾನದಲ್ಲಿ ಕತ್ತಿಯ ಹಿಡಿಗಾಗಿ ಬಳಸಿದ ಕಲೆ ಈಗ ಮದುವೆ ಉಂಗುರಕ್ಕೆ ಬಂದಿದೆ. ಅಂಟಿಕೊಂಡೇ ತಯಾರಾದ ಜೋಡಿ ಉಂಗುರಗಳನ್ನು ವಧೂವರರೇ ತಿರುಚಿ ಬೇರ್ಪಡಿಸುವ ಪದ್ಧತಿಯೂ ಅಲ್ಲಿದೆ.

• ರೋಮನ್ನರ ನಿಶ್ಚಿತಾರ್ಥದ ಉಂಗುರ ಕಬ್ಬಿಣದ್ದು, ಹರಳೂ ಇರಲಿಲ್ಲ. ಇದನ್ನು ಬರೆದಿಟ್ಟವನು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ.

• ಉಂಗುರದ ಬೆರಳಿನಿಂದ ನೇರ ಹೃದಯಕ್ಕೆ ನರವೊಂದು ಹೋಗುತ್ತದೆಂದು ಹಳೆಯ ರೋಮಿನಲ್ಲಿ ನಂಬಿದ್ದರು. ಅಂಥ ವಿಶೇಷ ನರ ಯಾವ ಬೆರಳಿಗೂ ಇಲ್ಲ.

• ಎರಡನೇ ಮಹಾಯುದ್ಧ ಕಾಲದ ಬ್ರಿಟನ್ನಿನಲ್ಲಿ ಮದುವೆ ಉಂಗುರಕ್ಕೂ ಸರ್ಕಾರದ ಮಿತಿ ಇತ್ತು: 9 ಕ್ಯಾರೆಟ್, ತೂಕ ಹೆಚ್ಚೆಂದರೆ 3 ಗ್ರಾಂ ಆಸುಪಾಸು.

• ಉಂಗುರದ ಅಳತೆಗೆ ಬೆಳಗಿನ ಚಳಿಯಲ್ಲಿ ಬೆರಳು ಕೊಡಬೇಡಿ. ಚಳಿಗೆ ಬೆರಳು ಸಣ್ಣಗಾಗುತ್ತದೆ, ಸೆಕೆಗೆ ಊದಿಕೊಳ್ಳುತ್ತದೆ. ಮುಂದೆ ಬಿಗಿಯಾದರೂ ಸಾದಾ ಚಿನ್ನದ ಉಂಗುರವನ್ನು ಕತ್ತರಿಸಿ, ತುಂಡು ಸೇರಿಸಿ ಹಿಗ್ಗಿಸಬಹುದು. ಟಂಗ್‌ಸ್ಟನ್ ಕಾರ್ಬೈಡ್ ಉಂಗುರಕ್ಕೆ ಆ ಭಾಗ್ಯವಿಲ್ಲ.

• ಬ್ರಿಟನ್ನಿನಲ್ಲಿ ಒಂದು ಗ್ರಾಂ ಮೀರಿದ ಒಡವೆಯನ್ನು ಚಿನ್ನದ್ದೆಂದು ಮಾರಲು ಹಾಲ್‌ಮಾರ್ಕ್ ಮುದ್ರೆ ಬೇಕು. ಈ ಮುದ್ರೆ ಒತ್ತಲು 1773ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಕಚೇರಿಯ ಗುರುತು ಲಂಗರು, ಊರಿಗೆ ಸಮುದ್ರವೇ ಇಲ್ಲದಿದ್ದರೂ! ನಮ್ಮಲ್ಲಿ ಹಾಲ್‌ಮಾರ್ಕ್ ಒಡವೆ ಮಾರಲು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ.

• ಬ್ರಿಟನ್ನಿನ ಆ ಮುದ್ರೆಯ ಸಾಲಿನಲ್ಲಿ ಮೊದಲಕ್ಷರಗಳ ಗುರುತೂ ಒಂದಿರುತ್ತದೆ. ದಿನವಿಡೀ ಬಡಿದು ಬೆವರಿದ ವಧೂವರರ ಹೆಸರಿನ ಅಕ್ಷರಗಳು ಅವು ಅಂದುಕೊಂಡಿರಾ? ಅಲ್ಲ, ಉಂಗುರವನ್ನು ಪರೀಕ್ಷೆಗೆ ಕಳಿಸಿದ ಅಕ್ಕಸಾಲಿಗನವು. ಉಂಗುರ ಮಾಡಿದವರು ಯಾರೇ ಆಗಲಿ, ಚಿನ್ನದ ಹೊಣೆ ಅವನದು.